ಬಾಗಿಲುಗಳ ಮೇಲೆ ನಡೆದು ಬಂದ ದಿಬ್ಬಣ

ನಮ್ಮ ಮಾವ ಸಂಜೀವಯ್ಯನವರು ಕೊಂಚ ಕುಂಟುತ್ತಿದ್ದರು. ಹದಿನಾರು ವರ್ಷ ಮಿಲಿಟರಿಯಲ್ಲಿದ್ದು ಎರಡು ಯುದ್ಧ ನೋಡಿ ಬಂದ ಮನುಷ್ಯ ಕುಂಟಿದರೆ ಜನ ಗುಂಡೇಟು ಅಂದುಕೊಳ್ಳುವುದು ಸಹಜ. ಸುದ್ದಗುಂಟೆಪಾಳ್ಯದ ಟೀ ಅಂಗಡಿಯಲ್ಲಿ ಯಾರಾದರೂ ಮರ್ಯಾದೆಯಿಂದ, ಇದು ಯಾವ ಯುದ್ಧದಲ್ಲಾಯ್ತಣ್ಣ ಎಂದು ಕೇಳಿದರೆ ಅವರು ಲೋಟ ಕೆಳಗಿಟ್ಟು, ಯುದ್ಧದಲ್ಲಲ್ಲ, ಸಾಮಾನು ಹೇರುವಾಗ ಹೇಸರಗತ್ತೆಯೊಂದು ಕಾಲು ತುಳಿಯಿತು ಎನ್ನುತ್ತಿದ್ದರು. ಅಷ್ಟಕ್ಕೇ ಬಿಡದೆ, "ಶತ್ರುಗಳ ಹೇಸರಗತ್ತೆ ಅಲ್ಲ, ನಮ್ಮದೇ" ಎಂದೂ ಸೇರಿಸುತ್ತಿದ್ದರು.

ಕೇಳಿದವನಿಗೆ ನಿರಾಸೆ. ಅತ್ತೆ ಕೆಂಪಕ್ಕನಿಗೆ ಅದಕ್ಕಿಂತ ಹೆಚ್ಚು. ಗುಂಡು ಅಂದಿದ್ದರೆ ಯಾರ ಗಂಟು ಹೋಗುತ್ತಿತ್ತು, ಹೋಗಲಿ, ಕುದುರೆ ಅಂತಾದರೂ ಅನ್ನಬಾರದಾ ಎಂಬುದು ಆಕೆಯ ವಾದ. ಸುಳ್ಳು ಹೇಳುವುದು ಮಾವನಿಗೆ ಬಾರದ ವಿದ್ಯೆ. ಜಂಬ ಕೊಚ್ಚುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಅದನ್ನು ಅವರು ಪೂರ್ತಿಯಾಗಿ ತಮ್ಮ ಮರಗೆಲಸಕ್ಕೆ ಮೀಸಲಿಟ್ಟಿದ್ದರು.

ಅವರು ಬಡಗಿ. ಹುಟ್ಟಿನಿಂದ ಬಂದ ಕಸುಬಲ್ಲ ಅದು. ಐವತ್ತೇಳನೇ ಇಸವಿಯಲ್ಲಿ ಹಲಸೂರು ಕೆರೆ ಪಕ್ಕದ ಸ್ಯಾಪರ್ಸ್ ಪಡೆಗೆ ಸೇರಿದ ಮೇಲೆ ಅಲ್ಲಿ ಕಲಿತದ್ದು. ಸೈನ್ಯ ಮುಂದಕ್ಕೆ ಹೋಗುವಾಗ ಹಳ್ಳವೋ ಹೊಳೆಯೋ ಅಡ್ಡ ಬಂದರೆ ಸೇತುವೆ ಹಾಕಿಕೊಡುವುದು ಆ ಪಡೆಯವರ ಕೆಲಸ. ಅದರ ಮೇಲೆ ಲಾರಿ ಹೋಗಬೇಕು, ಫಿರಂಗಿ ಹೋಗಬೇಕು, ಟ್ಯಾಂಕೂ ಹೋಗಬೇಕು. ಎಪ್ಪತ್ಮೂರರಲ್ಲಿ ಪೆನ್ಷನ್ ಪಡೆದು ಅವರು ಊರಿಗೆ ವಾಪಸಾದಾಗ ಜಯನಗರ ಬೆಳೆಯುತ್ತಲೇ ಇತ್ತು, ಜೆ.ಪಿ. ನಗರದಲ್ಲಿ ಪಾಯ ತೆಗೆಯುತ್ತಿದ್ದರು, ಬಡಗಿಗಳಿಗೆ ಕೈತುಂಬ ಕೆಲಸ. ಮಾವನ ತೊಂದರೆ ಒಂದೇ. ಟ್ಯಾಂಕು ಅವರ ತಲೆಯಿಂದ ಇಳಿಯಲಿಲ್ಲ. ಊಟಕ್ಕೆ ಕೂರುವ ಮಣೆ ಮಾಡಿಕೊಟ್ಟರೂ ಅದರ ಮೇಲೆ ನಾಲ್ಕು ಜನ ನಿಂತು ಕುಣಿಯಬಹುದಿತ್ತು. ಅದನ್ನು ಎತ್ತಿ ಗೋಡೆಗೆ ಒರಗಿಸಲು ಮಾತ್ರ ಇಬ್ಬರು ಬೇಕಾಗುತ್ತಿತ್ತು.

ಪಾಳ್ಯದ ಬೋರಣ್ಣನವರ ಬಾಗಿಲಿನ ಕತೆ ಎಲ್ಲರಿಗೂ ಗೊತ್ತಿತ್ತು. ಬೋರಣ್ಣ ಹಳೇ ಜಮೀನ್ದಾರರು. ಹೊಲ ಲೇಔಟಿಗೆ ಹೋದ ಮೇಲೆ ಉಳಿದ ಜಾಗದಲ್ಲಿ ದೊಡ್ಡ ಮನೆ ಕಟ್ಟಿ, ಪಕ್ಕದಲ್ಲಿ ಸಾಲಾಗಿ ಬಾಡಿಗೆ ಮನೆ ಎಬ್ಬಿಸಿ, ಹಾಲಿಗೆ ಎರಡು ಎಮ್ಮೆ ಇಟ್ಟುಕೊಂಡು ಆರಾಮಾಗಿದ್ದರು. ಅವರು ಗಟ್ಟಿಮುಟ್ಟಾದ ಒಂದು ಬಾಗಿಲು ಬೇಕು ಎಂದು ಬಾಯಿ ತಪ್ಪಿ ಅಂದುಬಿಟ್ಟರು. ಮಾವ ಹೊನ್ನೆ ಮರದಲ್ಲಿ ಎರಡು ರೆಕ್ಕೆಯ ಬಾಗಿಲು ಮಾಡಿ ಕೂರಿಸಿದರು. ಅದನ್ನು ತಳ್ಳಿ ತೆಗೆಯುವುದು ಬೋರಣ್ಣನ ವಯಸ್ಸಾದ ತಾಯಿಯ ಕೈಲಿ ಆಗಲಿಲ್ಲ. ಆ ಮುದುಕಿ ಬೆಳಗ್ಗೆ ಯಾರಾದರೂ ಏಳುವವರೆಗೂ ಒಳಗೇ ಕಾಯಬೇಕು. ಒಮ್ಮೆ ಆ ಮನೆಗೆ ಕಳ್ಳ ನುಗ್ಗಿದ. ಬಾಗಿಲ ತಂಟೆಗೇ ಹೋಗದೆ ಹಿಂದುಗಡೆಯ ಹೆಂಚು ತೆಗೆದು ಇಳಿದು, ಹಿತ್ತಾಳೆ ಪಾತ್ರೆ ಹೊತ್ತುಕೊಂಡು ಹೋದ. ಬೋರಣ್ಣ ತಲೆ ಮೇಲೆ ಕೈಹೊತ್ತು ಕೂತಿದ್ದರೆ ಮಾವ ಬಾಗಿಲನ್ನು ಸವರಿ ನೋಡಿ, "ಹೆದರಿದ್ದಾನೆ ನೋಡಿ ಬೋರಣ್ಣನೋರೇ, ಮುಟ್ಟೇ ಇಲ್ಲ" ಅಂದರಂತೆ.

ಹೊರಗೆ ಹೀಗಾದರೆ ಮನೆಯೊಳಗಿನ ಕತೆ ಬೇರೆ. ಮಾವ ವರ್ಷಕ್ಕೊಮ್ಮೆ ರಜೆಗೆ ಬಂದು ಹೋಗುತ್ತಿದ್ದ ಕಾಲದಲ್ಲಿ ಮಕ್ಕಳನ್ನು ಸಾಕಿ, ತನ್ನ ಅತ್ತೆ ಮಾವಂದಿರನ್ನು ನೋಡಿಕೊಂಡು, ಸೋರುವ ಮನೆಗೆ ಹೆಂಚು ಹೊದಿಸಿದವಳು ಕೆಂಪಕ್ಕ. ಪೆನ್ಷನ್ ಪಡೆದು ಮನೆಗೆ ಬಂದ ಮಾರನೇ ದಿನವೇ ಮಾವ ಬೆಳಗಿನ ಐದಕ್ಕೆ ಅಂಗಳದಲ್ಲಿ ನಿಂತು ಸೀಟಿ ಊದಿದರು. ಮಕ್ಕಳು ಎದ್ದು ಸಾಲಾಗಿ ನಿಂತವು. ಕೋಳಿಗಳು ಚೆದುರಿ ಓಡಿದವು. ಯಾರು ಕಸ ಗುಡಿಸಬೇಕು, ಯಾರು ಸೌದೆ ಒಡೆಯಬೇಕು ಎಂದು ಹಿಂದಿಯಲ್ಲಿ ಆರ್ಡರು ಶುರುವಾಯಿತು. ಕೆಂಪಕ್ಕ ಒಳಗಿಂದ ಎರಡು ಖಾಲಿ ಕೊಡ ತಂದು ಅವರ ಮುಂದೆ ಇಟ್ಟಳು.

"ನಾನು ಈ ಮನೇಲಿ ಹದಿನಾರು ವರ್ಷದಿಂದ ಡ್ಯೂಟಿ ಮೇಲಿದ್ದೀನಿ. ನೀವು ನೆನ್ನೆ ಭರ್ತಿಯಾಗಿದ್ದೀರಿ. ಹೊಸಬರು ಮೊದಲು ನೀರು ಹೊರಬೇಕು ಅಂತ ನೀವೇ ಹೇಳ್ತಿದ್ರಲ್ಲ?"

ಮಾವನಿಗೆ ಆ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಸೀಟಿಯನ್ನು ಜೇಬಿಗೆ ಹಾಕಿ, ಕೊಡ ಎತ್ತಿಕೊಂಡು ಬಾವಿಗೆ ಹೋದರು. ಆಮೇಲೂ ದಿನಾ ನೀರು ತರುವ ಕೆಲಸ ಅವರದೇ ಆಯಿತು.

ದೇವರ ವಿಷಯದಲ್ಲೂ ಇಬ್ಬರದು ಎರಡು ದಾರಿ. ಮಿಲಿಟರಿಯಲ್ಲಿ ನಾಗಪುರದ ಕಡೆಯ ಒಬ್ಬ ಹವಾಲ್ದಾರನ ಸ್ನೇಹವಾಗಿ ಮಾವ ಬುದ್ಧನನ್ನು ನಂಬಿದ್ದರು. ಅತ್ತೆಗೆ ಪಾಳ್ಯದ ಮಾರಮ್ಮನೇ ಸಾಕು. ಒಂದೇ ಹಲಗೆಯ ಮೇಲೆ ಬುದ್ಧ ಒಂದು ಕೊನೆಗೆ, ಮಾರಮ್ಮ ಇನ್ನೊಂದು ಕೊನೆಗೆ. ಆ ಹಲಗೆಯನ್ನು ರಸಮಟ್ಟ ಹಿಡಿದು ಕೂರಿಸಿದವರು ಮಾವ. ಯಾರಿಗೂ ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಅವರ ಹಿರಿ ಮಗಳು ಜಯದೇವಿಯನ್ನು ನೋಡಲು ನಾನು ಚಿಕ್ಕಲಸಂದ್ರದಿಂದ ಹೋದದ್ದು ಎಪ್ಪತ್ತೊಂಬತ್ತರಲ್ಲಿ. ನನ್ನ ಹೆಸರು ದೇವದಾಸ್, ಆಗ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ. ನನ್ನ ತಂದೆತಾಯಿ ಇಬ್ಬರೂ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದ ದೊಡ್ಡಮ್ಮ ಸೊಣ್ಣಮ್ಮ ಜೊತೆಗೆ ಬಂದಿದ್ದಳು. ಸಂಬಳ ಎಷ್ಟು, ಸ್ವಂತ ಮನೆ ಉಂಟಾ ಎಂದು ಕೇಳುತ್ತಾರೆಂದು ನಾನು ಉತ್ತರ ಉರು ಹೊಡೆದುಕೊಂಡು ಹೋಗಿದ್ದೆ. ಮಾವ ಅದೇನನ್ನೂ ಕೇಳಲಿಲ್ಲ. ಎರಡೂ ಕೈ ಮುಂದೆ ಚಾಚು ಅಂದರು. ಚಾಚಿದೆ. ಅಂಗೈ ನೋಡಿದರು, ತಿರುಗಿಸಿ ನೋಡಿದರು, ಬೆರಳುಗಳನ್ನು ಒಂದೊಂದಾಗಿ ಹಿಡಿದು ಎಣಿಸಿದರು.

"ಹತ್ತೂ ಇವೆ," ಎಂದು ಒಳಗಿದ್ದವರಿಗೆ ಕೇಳುವಂತೆ ಹೇಳಿದರು. "ಮೆಷಿನ್ ಕೆಲಸದೋನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ."

ಒಳಗೆ ಯಾರೋ ಕಿಸಕ್ಕನೆ ನಕ್ಕರು. ಅದು ಜಯದೇವಿ. ನನಗೆ ಆ ನಗೆಯೇ ಒಪ್ಪಿಗೆಯಾಯಿತು.

ಮದುವೆ ಮಾತುಕತೆ ಎಲ್ಲಾ ಸಲೀಸಾಗಿ ಸಾಗಿ, ಮುಹೂರ್ತದ ಹತ್ತಿರ ಬಂದು ನಿಂತಿತು. ದೊಡ್ಡಮ್ಮ ಯಾರಲ್ಲೋ ಕೇಳಿಸಿಕೊಂಡು ಬಂದು, ಕಾರ್ತಿಕ ಮಾಸದ ಇಂಥ ದಿನ ಹನ್ನೆರಡು ಗಂಟೆಯೊಳಗೆ ತಾಳಿ ಬೀಳಬೇಕು ಎಂದು ಹಟ ಹಿಡಿದಳು. ಮಾವನಿಗೆ ಮುಹೂರ್ತ, ರಾಹುಕಾಲ ಒಂದರಲ್ಲೂ ನಂಬಿಕೆಯಿಲ್ಲ. ಬುದ್ಧವಂದನೆ ಹೇಳಿ ಹಾರ ಹಾಕಿಸಿದರೆ ಮುಗಿಯಿತು ಅನ್ನುವವರು. ಕೊನೆಗೆ ಕೆಂಪಕ್ಕ ನಡುವೆ ಬಂದು, ಮೊದಲು ವಂದನೆ, ಆಮೇಲೆ ತಾಳಿ, ಎರಡೂ ಹನ್ನೆರಡರೊಳಗೆ ಎಂದು ತೀರ್ಪು ಕೊಟ್ಟಳು. ಮಾವ ತಲೆಯಾಡಿಸಿದರು. ಮುಹೂರ್ತ ಅನ್ನುವುದನ್ನು ತಾನು ನಂಬಲ್ಲ, ಆದರೆ ಟೈಮು ಕೊಟ್ಟ ಮೇಲೆ ಟೈಮು ಟೈಮೇ ಅಂದರು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಹಿಡಿದ ಮಳೆ ಬೆಳಗಾಗುವವರೆಗೂ ಬಿಡಲಿಲ್ಲ. ಆಗ ಸುದ್ದಗುಂಟೆಪಾಳ್ಯದ ಪಕ್ಕ ಮಡಿವಾಳದ ಕೆರೆ ಕಡೆಗೆ ಹರಿಯುವ ಒಂದು ಕಾಲುವೆಯಿತ್ತು. ಬೇಸಿಗೆಯಲ್ಲಿ ಮೇಕೆ ಕೂಡ ನೆಗೆಯದೆ ನಡೆದೇ ದಾಟುತ್ತಿತ್ತು. ಅದರ ಮೇಲೆ ಹಾಸಿದ್ದ ಚಪ್ಪಡಿ ಕಲ್ಲುಗಳೇ ಊರಿಗೆ ಬರುವ ದಾರಿ. ಬೆಳಗ್ಗೆ ನಮ್ಮ ದಿಬ್ಬಣ ಮಟಾಡೋರ್ ವ್ಯಾನಿನಲ್ಲಿ ಅಲ್ಲಿಗೆ ಬಂದು ನೋಡಿದರೆ ಚಪ್ಪಡಿಗಳು ಕೊಚ್ಚಿಹೋಗಿವೆ. ಎತ್ತು ಕಟ್ಟಿದ ಗಾಡಿ ಅಡ್ಡ ನಿಂತಷ್ಟು ಅಗಲಕ್ಕೆ ಕೆಂಪು ನೀರು ಸುತ್ತಿಕೊಂಡು ಓಡುತ್ತಿದೆ. ಸುತ್ತುದಾರಿಯಲ್ಲಿ ಹೋಗೋಣವೆಂದರೆ ಹೊಸ ಲೇಔಟಿನ ಅಗೆದುಬಿಟ್ಟ ಮಣ್ಣಿನಲ್ಲಿ ಆಗಲೇ ಎರಡು ಲಾರಿ ಹೂತು ನಿಂತಿದ್ದವು. ನಾನು ಬಾಸಿಂಗ ಕಟ್ಟಿಕೊಂಡು ಈ ದಡದಲ್ಲಿ, ಹೆಣ್ಣಿನ ಮನೆ ಆ ದಡದಲ್ಲಿ. ಮದುವೆಯ ಪಂದಲು ಕಾಣುತ್ತಿತ್ತು, ಸಾರಿನ ವಾಸನೆ ಬರುತ್ತಿತ್ತು, ಹೋಗುವ ದಾರಿಯೊಂದಿಲ್ಲ. ದೊಡ್ಡಮ್ಮ ವ್ಯಾನಿನ ಮೆಟ್ಟಿಲ ಮೇಲೆ ಕೂತು, ಬುದ್ಧನ ಹೆಸರು ಮೊದಲು ಹೇಳ್ತೀವಿ ಅಂದಾಗಲೇ ನನಗೆ ಅನುಮಾನ ಇತ್ತು ಎಂದು ಶುರುಮಾಡಿದಳು.

ಆ ದಡಕ್ಕೆ ಮಾವ ಬಂದರು. ರೇಷ್ಮೆ ಪಂಚೆ, ಪೇಟ, ಎದೆಯ ಮೇಲೆ ಮೆಡಲುಗಳು. ನೀರನ್ನು ನೋಡಿದರು. ಅವರ ಮುಖದಲ್ಲಿ ಗಾಬರಿ ಹುಡುಕಿದರೂ ಇರಲಿಲ್ಲ. ಅಪ್ಪ ಅಷ್ಟು ಖುಷಿಯಾಗಿದ್ದನ್ನು ತಾನು ಯಾವತ್ತೂ ಕಂಡಿರಲಿಲ್ಲ ಎಂದು ಜಯದೇವಿ ಆಮೇಲೆ ಹೇಳಿದಳು. ಮಾವ ಪಂಚೆ ಎತ್ತಿ ಕಟ್ಟಿ, ಜೇಬಿನಿಂದ ಸೀಟಿ ತೆಗೆದು ಊದಿದರು.

ಮೊದಲು ಹೋದದ್ದು ಪಂದಲು. ಅದರ ಸರ್ವೆ ಗಳಗಳನ್ನೆಲ್ಲ ಕಿತ್ತು ತರಿಸಿದರು. ತೆಂಗಿನಗರಿ ಹೊದಿಕೆ ದೊಪ್ಪನೆ ನೆಲಕ್ಕೆ ಬಿತ್ತು. ಕೆಂಪಕ್ಕ ಓಡಿ ಬಂದು, ಮದುವೆ ಎಲ್ಲಿ ಮಾಡೋದು ಎಂದು ಕೇಳಿದಳು. ಗಂಡು ಬಂದ ಮೇಲಲ್ಲವಾ ಅದರ ಚಿಂತೆ ಎಂದು ಮಾವ ಉತ್ತರ ಕೊಟ್ಟರು. ಗಳಗಳನ್ನು ಕತ್ತರಿಯಂತೆ ಜೋಡಿಸಿ ಹಗ್ಗ ಬಿಗಿದು ನೀರಿನೊಳಗೆ ಊರಿದರು, ಅದರ ಮೇಲೆ ಉದ್ದ ಗಳಗಳನ್ನು ಮಲಗಿಸಿದರು. ಕಾಲಿಡಲು ಹಲಗೆ ಬೇಕಲ್ಲ? ಅವರು ತಿರುಗಿ ಊರನ್ನೊಮ್ಮೆ ನೋಡಿದರು. ಬೀದಿಯ ಅರ್ಧ ಮನೆಗಳಿಗೆ ಅವರೇ ಮಾಡಿದ ಬಾಗಿಲು. ಯಾವ ಬಾಗಿಲ ಯಾವ ತಿರುಪು ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವರು. ತಮ್ಮ ಮನೆಯದನ್ನು ಮೊದಲು ಬಿಚ್ಚಿದರು. ಆಮೇಲೆ ನೇರವಾಗಿ ಬೋರಣ್ಣನವರ ಮನೆಗೆ ಹೋದರು.

ಬೋರಣ್ಣ ಮದುವೆಗೆ ಹೊರಟು ನಿಂತಿದ್ದರಂತೆ. ಹೊರಟರು ಎಂದರೆ, ನಮ್ಮ ಜನರ ಕೇರಿಯ ಮದುವೆಗೆ ಅವರು ಬರುವುದು ಹೇಗೆಂದು ಹೇಳಬೇಕು. ಬರುತ್ತಾರೆ, ದೂರದಲ್ಲಿ ಹಾಕಿದ ಕುರ್ಚಿಯ ಮೇಲೆ ಕೂರುತ್ತಾರೆ, ಅಕ್ಷತೆ ಹಾಕುತ್ತಾರೆ, ಬಾಳೆಹಣ್ಣು ಇಸಕೊಂಡು ಹೋಗುತ್ತಾರೆ. ಊಟಕ್ಕೆ ಕೂತವರಲ್ಲ. ಅವರ ತಂದೆಯೂ ಕೂತಿರಲಿಲ್ಲ. ಬಾಗಿಲು ಬೇಕು ಎಂದು ಮಾವ ಹೇಳಿದಾಗ ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗುವಷ್ಟರಲ್ಲಿ ಎರಡೂ ರೆಕ್ಕೆ ಕಳಚಿದ್ದವು. ಒಂದೊಂದನ್ನು ಎತ್ತಲು ನಾಲ್ಕು ಜನ ಸಾಲಲಿಲ್ಲ, ಬೋರಣ್ಣ ತಾವೇ ಒಂದು ಮೂಲೆಗೆ ಹೆಗಲು ಕೊಡಬೇಕಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೆಸರಲ್ಲಿ ಜಾರುತ್ತಾ, ತಮ್ಮ ಬಾಗಿಲನ್ನು ತಾವೇ ಹೊತ್ತು ಅವರು ಕಾಲುವೆ ದಡಕ್ಕೆ ಬಂದದ್ದನ್ನು ನಾನು ಈ ಕಡೆಯಿಂದ ನೋಡಿದೆ.

ಇಷ್ಟಾಗಿಯೂ ಕೆಲಸ ಕೆಡುವುದರಲ್ಲಿತ್ತು. ಹುರುಪು ಹತ್ತಿದ ಮಾವ ಹಿಂದಿಗೆ ಇಳಿದುಬಿಟ್ಟಿದ್ದರು. ಅವರು ಎಡಕ್ಕೆ ಎಳೆಯಿರಿ ಅಂದರೆ ಪಾಳ್ಯದವರು ಬಲಕ್ಕೆ ಎಳೆಯುತ್ತಿದ್ದರು, ಬಿಡಿ ಅಂದರೆ ಇನ್ನೂ ಬಿಗಿಹಿಡಿಯುತ್ತಿದ್ದರು. ಒಂದು ಬಾಗಿಲು ನೀರಿಗೆ ಬಿದ್ದು ತೇಲಿಕೊಂಡು ಹೋಗಿ, ಈಜಿ ಹಿಡಿದು ತರಬೇಕಾಯಿತು. ಆಗ ಕೆಂಪಕ್ಕ ಸೀರೆ ಸೆರಗು ಬಿಗಿದು ದಡದ ದಿಬ್ಬ ಹತ್ತಿ ನಿಂತಳು. ಅವರು ಒಂದು ಕೂಗುವುದು, ಆಕೆ ಅದನ್ನು ಕನ್ನಡ ಮಾಡಿ ಎರಡರಷ್ಟು ಗಟ್ಟಿಯಾಗಿ ಕೂಗುವುದು. ಕ್ರಮೇಣ ಅವರ ಕೂಗಿಗೂ ಮುಂಚೆಯೇ ಆಕೆಯ ಕನ್ನಡ ಬರತೊಡಗಿತು. ಕೆಲಸ ಬೇಗ ಬೇಗ ಸಾಗಿತು.

ಸೇತುವೆ ಮುಗಿದಾಗ ಹನ್ನೊಂದು ದಾಟಿತ್ತು. ಮಾವ ಅದರ ನಡುವೆ ನಿಂತು ಕುಪ್ಪಳಿಸಿ ನೋಡಿದರು. ಅಲುಗಲಿಲ್ಲ. ಎಲ್ಲರೂ ಬನ್ನಿ, ಆದರೆ ಹೆಜ್ಜೆಗೆ ಹೆಜ್ಜೆ ಸೇರಿಸಬಾರದು, ಹಾಗೆ ನಡೆದರೆ ಎಂಥ ಸೇತುವೆಯೂ ತೂಗಾಡುತ್ತದೆ ಎಂದು ಎಚ್ಚರಿಕೆ ಕೊಟ್ಟರು. ನಮ್ಮ ಬ್ಯಾಂಡಿನವರಿಗೆ ತಾಳಕ್ಕೆ ಹೆಜ್ಜೆ ಹಾಕಿಯೇ ಅಭ್ಯಾಸ. ತಪ್ಪಿ ನಡೆಯಲು ಹೋಗಿ ಒಬ್ಬರನ್ನೊಬ್ಬರು ಗುದ್ದಿಕೊಂಡು, ಡೋಲಿನವನು ಡೋಲನ್ನು ತಲೆಯ ಮೇಲಿಟ್ಟುಕೊಂಡು ದಾಟಿದ. ಎಲ್ಲ ದಾಟಿದ ಮೇಲೆ ದೊಡ್ಡಮ್ಮ ಉಳಿದಳು. ಬರಲ್ಲ ಅಂದಳು.

"ಬಾಗಿಲು ಅಂದ್ರೆ ಲಕ್ಷ್ಮಿ. ಲಕ್ಷ್ಮಿ ಮೇಲೆ ಕಾಲಿಟ್ಟು ಮದುವೆಗೆ ಹೋಗ್ಲಾ?"

ಮಾವ ಗಡಿಯಾರ ನೋಡಿಕೊಂಡರು. ಕೆಂಪಕ್ಕ ಸೇತುವೆ ಮೇಲೆ ಸರಸರ ನಡೆದು ವ್ಯಾನಿದ್ದ ದಡಕ್ಕೆ ಹೋಗಿ ದೊಡ್ಡಮ್ಮನ ಕೈ ಹಿಡಿದಳು.

"ಲಕ್ಷ್ಮಿ ಇರೋದು ಹೊಸ್ತಿಲಲ್ಲಿ, ಸೊಣ್ಣಕ್ಕ. ಹೊಸ್ತಿಲು ಯಾರೂ ಕಿತ್ತಿಲ್ಲ, ಎಲ್ಲಿತ್ತೋ ಅಲ್ಲೇ ಇದೆ. ಬನ್ನಿ."

ದೊಡ್ಡಮ್ಮ ಎದ್ದಳು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಪ್ರತಿ ಬಾಗಿಲಿಗೂ ಬಗ್ಗಿ ನಮಸ್ಕಾರ ಮಾಡಿ ಮಾಡಿ ದಾಟಿದಳು. ಹನ್ನೆರಡಕ್ಕೆ ಸ್ವಲ್ಪ ಮುಂಚೆ, ಪಂದಲಿಲ್ಲದ ಬಯಲಲ್ಲಿ, ವಂದನೆ ಮುಗಿದು ತಾಳಿ ಬಿತ್ತು. ಮೋಡ ಚೆದುರಿತ್ತು. ಮಾವನ ಪಂಚೆ ಮೊಣಕಾಲವರೆಗೆ ಕೆಂಪಾಗಿತ್ತು.

ಬೋರಣ್ಣ ಅಕ್ಷತೆ ಹಾಕಿ ಬಾಳೆಹಣ್ಣು ಹಿಡಿದು ಎಂದಿನಂತೆ ಮನೆಗೆ ಹೋದರು. ಹೋದವರೇ ವಾಪಸ್ ಬಂದರು. ಮನೆಗೆ ಬಾಗಿಲಿಲ್ಲದ್ದು ನೋಡಿ ಎಮ್ಮೆಗಳೆರಡೂ ಒಳಗೆ ಹೋಗಿದ್ದವು. ಒಂದು ನಡುಮನೆಯಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು, ಇನ್ನೊಂದು ಅಡುಗೆಮನೆಗೆ ನುಗ್ಗಿ ಅನ್ನ, ಮುದ್ದೆ, ಸಾರು ಯಾವುದನ್ನೂ ಉಳಿಸಿರಲಿಲ್ಲ. ಮನೆಯವರೆಲ್ಲ ಎಮ್ಮೆ ಎಬ್ಬಿಸುವುದರಲ್ಲಿದ್ದರು. ಬೋರಣ್ಣ ಬೆಳಗಿನಿಂದ ಬಾಗಿಲು ಹೊತ್ತು ಸುಸ್ತಾಗಿದ್ದರು. ಹಸಿವು ಮುಖದಲ್ಲೇ ಕಾಣುತ್ತಿತ್ತು. ಪಂಕ್ತಿಯ ಹತ್ತಿರ ಬಂದು ನಿಂತರು. ಕೆಂಪಕ್ಕ ನನ್ನ ಪಕ್ಕದಲ್ಲಿ ಒಂದು ಎಲೆ ಹಾಕಿ ನೀರು ಚಿಮುಕಿಸಿದಳು. ಅವರು ಕೂತರು. ಮೊದಲು ಅನ್ನ ತಿಂದರು, ಆಮೇಲೆ ಸಾರು ಕೇಳಿದರು, ಪಾಯಸ ಎರಡು ಸಲ ಹಾಕಿಸಿಕೊಂಡರು. ಕೈ ತೊಳೆಯುವಾಗ ನನ್ನ ಹತ್ತಿರ, ಸಾರು ಸಖತ್ತಾಗಿತ್ತು ಅಂದರು. ಅಲ್ಲಿಂದ ಮುಂದೆ ಕೇರಿಯ ಮದುವೆಗಳಲ್ಲಿ ಅವರಿಗೆ ದೂರದ ಕುರ್ಚಿ ಹಾಕುವುದು ನಿಂತಿತು. ಅದನ್ನು ಯಾರೂ ದೊಡ್ಡ ವಿಷಯ ಮಾಡಲಿಲ್ಲ.

ಮಾರನೇ ದಿನ ಸೇತುವೆ ಬಿಚ್ಚಿ ಬಾಗಿಲು ಹಂಚಬೇಕೆಂದು ಮಾವ ಉಳಿ ಸುತ್ತಿಗೆ ಹಿಡಿದು ಹೋದರು. ನೋಡಿದರೆ ಹಾಲಿನವರು, ಗಾರ್ಮೆಂಟ್ ಹೆಂಗಸರು, ಸ್ಕೂಲು ಮಕ್ಕಳು ಎಲ್ಲ ಅದರ ಮೇಲೆಯೇ ಓಡಾಡುತ್ತಿದ್ದಾರೆ. ಚಪ್ಪಡಿ ಹಾಕುವವರೆಗೆ ಇರಲಿ ಎಂದು ಎಲ್ಲರೂ ಕೇಳಿಕೊಂಡರು. ಚಪ್ಪಡಿಯನ್ನು ಯಾರೂ ಹಾಕಲಿಲ್ಲ. ಬಾಗಿಲು ಕಳೆದುಕೊಂಡವರಿಗೆ ಮಾವ ಒಬ್ಬರಾದ ಮೇಲೊಬ್ಬರಿಗೆ ಹೊಸದು ಮಾಡಿಕೊಟ್ಟರು. ಬೋರಣ್ಣ ಮಾತ್ರ ಅಷ್ಟರೊಳಗೆ ಬೇರೆ ಬಡಗಿಯಿಂದ ತೆಳ್ಳನೆಯ ಬಾಗಿಲು ಹಾಕಿಸಿಕೊಂಡಿದ್ದರು. ಬೆರಳಲ್ಲಿ ತಳ್ಳಿದರೆ ತೆರೆಯುತ್ತಿತ್ತು. ಅವರ ತಾಯಿ ಬೆಳಗ್ಗೆ ತಾನೇ ಬಾಗಿಲು ತೆಗೆದು ಜಗಲಿ ಮೇಲೆ ಬಿಸಿಲಿಗೆ ಕೂರುತ್ತಿದ್ದಳು. ಮಾವ ಆ ದಾರಿಯಲ್ಲಿ ಹೋಗುವಾಗ ಆ ಬಾಗಿಲ ಕಡೆ ನೋಡುತ್ತಿರಲಿಲ್ಲ. ಮುದುಕಿ ಕೈಯೆತ್ತಿದರೆ ಮಾತ್ರ ನಿಂತು ಸೆಲ್ಯೂಟ್ ಹೊಡೆದು ಹೋಗುತ್ತಿದ್ದರು.

ಎಂಬತ್ತೈದರಲ್ಲಿ ಅಲ್ಲಿಗೆ ಕಾಂಕ್ರೀಟ್ ಮೋರಿ ಬಂತು. ಮಾವ ಯಾರೂ ಕರೆಯದಿದ್ದರೂ ದಿನಾ ಹೋಗಿ ಮೇಸ್ತ್ರಿಗೆ ಸಲಹೆ ಕೊಟ್ಟರು. ಆತ ಅದರಲ್ಲಿ ಒಂದನ್ನೂ ಕೇಳಲಿಲ್ಲ, ಆದರೂ ಮೋರಿ ಗಟ್ಟಿಯಾಗಿಯೇ ಆಯಿತು. ಮಾವನಿಗೆ ಸ್ವಲ್ಪ ಬೇಜಾರಾಯಿತು. ಹಳೆಯ ಮರವನ್ನು ಬಿಚ್ಚುವ ದಿನ ನಾನು ರಜೆ ಹಾಕಿ ಹೋಗಿದ್ದೆ. ಕೆಲಸ ಮುಗಿದು ಇಬ್ಬರೂ ದಡದಲ್ಲಿ ಕೂತೆವು. ಅವರು ಯುದ್ಧದ ವಿಷಯ ತಾವಾಗಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಎಪ್ಪತ್ತೊಂದರಲ್ಲಿ ಪೂರ್ವದ ಕಡೆ ನದಿ ಮೇಲೆ ನದಿ, ಒಂದಕ್ಕೆ ಸೇತುವೆ ಹಾಕಿ, ಸೈನ್ಯ ದಾಟಿಸಿ, ಬಿಚ್ಚಿಕೊಂಡು ಇನ್ನೊಂದಕ್ಕೆ ಓಡಬೇಕಿತ್ತಂತೆ.

"ಹುಡುಗರು ತಮಾಷೆ ಮಾಡ್ಕೊಂಡು ದಾಟೋರು ದೇವದಾಸು. ಬೀಡಿ ಕೊಟ್ಟು ಹೋಗೋರು. ಅವರಲ್ಲಿ ಎಷ್ಟು ಜನ ವಾಪಸ್ ಬಂದ್ರೋ ನಮಗೆ ಗೊತ್ತಾಗ್ತಾನೇ ಇರಲಿಲ್ಲ, ನಾವು ಅಷ್ಟೊತ್ತಿಗೆ ಬಿಚ್ಕೊಂಡು ಮುಂದಕ್ಕೆ ಹೋಗಿರ್ತಿದ್ವಿ." ಕೂತ ನೆಲಕ್ಕೆ ಕೈಯೂರಿ ಹೇಳಿದರು, "ನಿನ್ನ ಮದುವೆ ದಿನ ಸಾಯಂಕಾಲ ನಾನು ಇಲ್ಲೇ ಕೂತಿದ್ದೆ. ದಾಟಿ ಬಂದೋರೆಲ್ಲ ಉಂಡು ವಾಪಸ್ ಹೋದ್ರು. ಎಣಿಸಿದೆ."

ಆಮೇಲೆ ಮೂಗು ಸೀಟಿಕೊಂಡು, ಬೋರಣ್ಣನ ಬಾಗಿಲ ಒಂದು ರೆಕ್ಕೆಯನ್ನು ತಟ್ಟಿ, ಆರು ವರ್ಷ ನೀರು ಕುಡಿದರೂ ಒಂದು ಕೀಲು ಸಡಿಲಿಲ್ಲ ನೋಡು ಎಂದು ಶುರುಮಾಡಿದರು. ಆ ಜಂಬ ಮನೆ ಮುಟ್ಟುವವರೆಗೂ ನಡೆಯಿತು.

ಎಂಬತ್ತೆಂಟರ ಬೇಸಿಗೆಯಲ್ಲಿ ಅವರು ಬನಶಂಕರಿಯ ಕಡೆ ಶಾಮಣ್ಣ ಎಂಬ ಮೇಷ್ಟರ ಮನೆಗೆ ಕಿಟಕಿ ಮಾಡುತ್ತಿದ್ದರು. ಮಧ್ಯಾಹ್ನ ಬುತ್ತಿ ಉಂಡು, ಕೀಸಿದ ಮರದ ಹೊಟ್ಟಿನ ಮೇಲೆ ಟವಲು ಹಾಸಿ ಮಲಗಿದವರು ಏಳಲಿಲ್ಲ. ಪಾಳ್ಯವೆಲ್ಲ ಬಂತು. ಬೋರಣ್ಣ ಹೆಗಲು ಕೊಟ್ಟರು. ಕೆಂಪಕ್ಕ ಅಳುತ್ತಲೇ ಯಾರು ಮುಂದೆ ನಡೆಯಬೇಕು, ಯಾರು ಹೂವು ಹಿಡಿಯಬೇಕು ಎಂದು ಎಲ್ಲರಿಗೂ ಹೇಳಿ ಸಾಗಿಸಿದಳು.

ಕಿಟಕಿ ಅರ್ಧಕ್ಕೆ ನಿಂತಿತ್ತು. ಬೇರೆಯವರ ಕೈಲಿ ಮಾಡಿಸಬೇಡಿ, ನಾನೇ ಮುಗಿಸಿಕೊಡ್ತೀನಿ ಎಂದು ನಾನು ಶಾಮಣ್ಣನವರಿಗೆ ಮಾತು ಕೊಟ್ಟೆ. ನನ್ನದು ಕಬ್ಬಿಣದ ಕೈ, ಮರದ ಗುಣ ನನಗೆ ತಿಳಿಯದು. ಕೆಲವು ಭಾನುವಾರ ಅವರ ಉಳಿ ಕೀಸುಳಿ ಹಿಡಿದು ಒದ್ದಾಡಿ ಮುಗಿಸಿದೆ. ಮೇಷ್ಟರು ಅದನ್ನು ತೆಗೆದರು, ಹಾಕಿದರು, ಕಾಫಿ ಕೊಟ್ಟರು. ಆ ವಾರ ಜಯದೇವಿ ನೋಡಬೇಕೆಂದು ಬಂದಳು. ರಸ್ತೆಯಲ್ಲೇ ನಿಂತು ತಲೆಯನ್ನು ಎಡಕ್ಕೆ ವಾಲಿಸಿ ನೋಡಿದಳು, ಬಲಕ್ಕೆ ವಾಲಿಸಿ ನೋಡಿದಳು. ಕಿಟಕಿ ಒಂದು ಕಡೆಗೆ ಇಳಿಜಾರಾಗಿ ಕೂತಿತ್ತು.

"ರೀ, ಇದು ಕಿಟಕಿನಾ, ಜಾರುಬಂಡೆನಾ?" ಅಂದಳು.

ಅಪ್ಪ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಸೆರಗು ಬಾಯಿಗೆ ಹಿಡಿದು, ಗೇಟು ಹಿಡಿದುಕೊಂಡು ನಗುತ್ತಲೇ ಇದ್ದಳು. ಒಳಗಿಂದ ಮೇಷ್ಟರೂ ನಗತೊಡಗಿದರು. ನಾನು ಸ್ವಲ್ಪ ಹೊತ್ತು ಬಿಗುಮಾನದಿಂದ ನಿಂತಿದ್ದು, ಆಮೇಲೆ ಅವರ ಜೊತೆ ಸೇರಿಕೊಂಡೆ.